ಅಂಗಳದಲ್ಲಿ ಭೂಮಿ, ನಕಾಶೆಯಲ್ಲಿ ಭೂಕಂಪ: ಅಳತೆಪಟ್ಟಿ ಹಿಡಿದು ಭೂಗರ್ಭವನ್ನು ಅರಿಯುವ ಸಮಗ್ರ ಮಾರ್ಗದರ್ಶಿ

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಭಾಗದಲ್ಲಿ ಕಾರ್ಮಿಕರು ನೆಲಮಟ್ಟದಿಂದ ಸುಮಾರು 3.2 ಕಿ.ಮೀ. ಆಳದವರೆಗೆ ಇಳಿದು ಕೆಲಸ ಮಾಡಿದ್ದರು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿನ ಕಲ್ಲಿನ ಭಾರಕ್ಕೆ ಗಣಿಯ ಗೋಡೆಗಳು ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದವು, ಆ ಸಿಡಿತದ ನಡುಕ ಮೇಲಿನ ಊರಿಗೂ ತಿಳಿಯುತ್ತಿತ್ತು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಸೋವಿಯತ್ ವಿಜ್ಞಾನಿಗಳು ವರ್ಷಗಟ್ಟಲೆ ಕೊರೆದ ಕೊಳವೆರಂಧ್ರ 1989ರಲ್ಲಿ 12,262 ಮೀಟರ್ ಮುಟ್ಟಿ, ಅಲ್ಲಿಂದ ಮುಂದೆ ಹೋಗಲಾರದೆ ನಿಂತಿತು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅಂದರೆ ಮನುಷ್ಯನ ಉಪಕರಣ ಕೇಂದ್ರದ ದಾರಿಯಲ್ಲಿ ಐನೂರರಲ್ಲಿ ಒಂದು ಪಾಲನ್ನೂ ಪೂರ್ತಿಯಾಗಿ ಕ್ರಮಿಸಿಲ್ಲ.

ಹೀಗಿದ್ದೂ ಪಠ್ಯಪುಸ್ತಕದಲ್ಲಿ ಹೊರಗಿನಿಂದ ಒಳಕ್ಕೆ ಭೂಕವಚ, ಮ್ಯಾಂಟಲ್, ಹೊರಗರ್ಭ, ಒಳಗರ್ಭ ಎಂಬ ನಾಲ್ಕು ಪದರಗಳ ಆಳವನ್ನು ಕಿಲೋಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಯಾರೂ ಹೋಗದ ಜಾಗದ ಅಳತೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ, ಬಣ್ಣದ ಚಿತ್ರವನ್ನು ಮತ್ತೊಮ್ಮೆ ತೋರಿಸುವುದು ಉತ್ತರವಾಗದು. ಉತ್ತರ ಇರುವುದು ಗಡಿಯಾರ ಮತ್ತು ಅಳತೆಪಟ್ಟಿಯಲ್ಲಿ: ಭೂಕಂಪದ ಅಲೆ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪಿತು ಎಂಬುದನ್ನು ಅಳೆದೇ ಇಡೀ ಭೂಗರ್ಭದ ನಕ್ಷೆ ಸಿದ್ಧವಾಗಿದೆ. ಆ ಕೆಲಸದ ಮುಖ್ಯ ಹಂತಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಮಾಡಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಮೂರು ತರಗತಿ ಅವಧಿಗಳು ಮತ್ತು ಅಂಗಳದಲ್ಲಿ ಒಂದು ಸಂಜೆ ಇದ್ದರೆ ಸಾಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ. 30 ಸೆಂ.ಮೀ. ಅಳತೆಪಟ್ಟಿ, ಉದ್ದ ಅಳೆಯುವ ಟೇಪು, ಹಿಗ್ಗದ ಸೆಣಬಿನ ಹುರಿ ಹತ್ತು ಮೀಟರ್, ಒಂದು ಉದ್ದನೆಯ ಮೊಳೆ, ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ, ಕೈವಾರ, ಗ್ರಾಫ್ ಹಾಳೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, 250 ಮಿ.ಲೀ. ಅಳತೆ ಜಾಡಿ, ಒಂದು ಹಿಡಿ ಜಲ್ಲಿಕಲ್ಲು, ಒಂದು ಸ್ಲಿಂಕಿ ಸ್ಪ್ರಿಂಗು, ಮತ್ತು ಕಲ್ಯಾಣ ಕರ್ನಾಟಕದೊಂದಿಗೆ ದಕ್ಷಿಣ ಮಹಾರಾಷ್ಟ್ರವೂ ಕಾಣುವ ಒಂದು ನಕಾಶೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಪ್ರತಿ ವಿದ್ಯಾರ್ಥಿಗೂ ಒಂದು ನೋಟ್‌ಬುಕ್. ಅದರಲ್ಲಿ ರಬ್ಬರ್ ಬಳಸುವಂತಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಏಕೆಂದರೆ ಹೊಡೆದುಹಾಕಿದ ಅಂಕಿಯೇ ಎಷ್ಟೋ ಸಲ ಸರಿಯಾದ ಅಂಕಿಯೆಂದು ಆಮೇಲೆ ಗೊತ್ತಾಗುತ್ತದೆ.

ಮೊದಲ ಹಂತ: ಅಳತೆಪಟ್ಟಿಯನ್ನು ಓದಲು ಕಲಿಯುವುದು

ಎಲ್ಲರಿಗೂ ಬರುತ್ತದೆಂದು ನಾವು ಅಂದುಕೊಳ್ಳುವ ಕೌಶಲ ಇದು. ಆದರೆ ಹತ್ತನೆಯ ತರಗತಿಯವರೂ ಇಲ್ಲಿ ಎಡವುತ್ತಾರೆ. ಸಾಮಾನ್ಯ ಪಟ್ಟಿ ತೋರಿಸಬಲ್ಲ ಅತಿ ಚಿಕ್ಕ ಅಳತೆ, ಅಂದರೆ ಅದರ ಲೀಸ್ಟ್ ಕೌಂಟ್, 1 ಮಿ.ಮೀ. ಅದರಿಂದ ಅಳೆದ ಪೆನ್ಸಿಲಿನ ಉದ್ದವನ್ನು 14.237 ಸೆಂ.ಮೀ. ಎಂದು ಬರೆದರೆ ಕೊನೆಯ ಅಂಕಿ ಕಣ್ಣು ಕಂಡದ್ದಲ್ಲ, ಕೈ ಸೇರಿಸಿದ್ದು. ಎರಡು ಮಿಲಿಮೀಟರ್ ಗೆರೆಗಳ ನಡುವಿನ ಅರ್ಧವನ್ನು ಅಂದಾಜು ಮಾಡಬಹುದು, ಅದರಾಚೆಗೆ ಹೋಗಬಾರದು.

ಓದುವಾಗ ಕಣ್ಣು ಗೆರೆಯ ನೇರ ಮೇಲಿರಬೇಕು. ಓರೆಯಾಗಿ ನೋಡಿದರೆ ಪಟ್ಟಿಯ ದಪ್ಪದಿಂದಾಗಿ ಒಂದೆರಡು ಮಿಲಿಮೀಟರ್ ಆಚೀಚೆ ಕಾಣುತ್ತದೆ. ಇದನ್ನೇ ಪ್ಯಾರಲಾಕ್ಸ್ ದೋಷ ಎನ್ನುತ್ತಾರೆ. ಇನ್ನೊಂದು ತೊಂದರೆ ಪಟ್ಟಿಯ ತುದಿಯದು. ವರ್ಷವಿಡೀ ಬ್ಯಾಗಿನಲ್ಲಿ ಉಜ್ಜಿದ ಪಟ್ಟಿಯ ಸೊನ್ನೆಯ ಅಂಚು ಸವೆದಿರುತ್ತದೆ. ಹಾಗಾಗಿ 1 ಸೆಂ.ಮೀ. ಗೆರೆಯಿಂದ ಆರಂಭಿಸಿ, ಓದಿದ ಅಂಕಿಯಿಂದ ಒಂದನ್ನು ಕಳೆಯುವುದು ಒಳ್ಳೆಯ ಅಭ್ಯಾಸ. ಕಳೆಯಲು ಮರೆಯುವವರು ಪ್ರತಿ ತರಗತಿಯಲ್ಲೂ ಇಬ್ಬರಾದರೂ ಇರುತ್ತಾರೆ. ಅವರ ಎಲ್ಲ ಅಳತೆಗಳೂ ತಪ್ಪದೆ 1 ಸೆಂ.ಮೀ. ಹೆಚ್ಚಾಗಿರುತ್ತವೆ, ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಆ ಒಂದು ಸೆಂಟಿಮೀಟರ್ ಹೋಗುವುದಿಲ್ಲ.

ಈ ಮಾತನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಬೇಕು. ಅಳತೆಯ ದೋಷಗಳಲ್ಲಿ ಎರಡು ಜಾತಿ. ಒಂದು, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಎರಡೂ ಕಡೆಗೆ ಚದುರುವ ದೋಷ. ಹಲವು ಸಲ ಅಳೆದು ಸರಾಸರಿ ತೆಗೆದರೆ ಇದು ತಗ್ಗುತ್ತದೆ. ಇನ್ನೊಂದು, ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುವ ದೋಷ. ಇದಕ್ಕೆ ಸರಾಸರಿ ಮದ್ದಲ್ಲ, ಮೂಲವನ್ನೇ ಹುಡುಕಿ ಸರಿಪಡಿಸಬೇಕು. ಮುಂದಿನ ಪ್ರತಿ ಹಂತದಲ್ಲೂ ಈ ಎರಡೂ ಎದುರಾಗುತ್ತವೆ.

ಎರಡನೆಯ ಹಂತ: ಒಂದು ಹಿಡಿ ಜಲ್ಲಿಯಿಂದ ಭೂಮಿಯ ಒಳಗಿನ ಸುಳಿವು

ಮನೆ ಕಟ್ಟುವಲ್ಲಿ ಸಿಗುವ ಮುಕ್ಕಾಲು ಇಂಚಿನ ಗ್ರಾನೈಟ್ ಜಲ್ಲಿಯ ಹತ್ತಾರು ಚೂರುಗಳನ್ನು ತೊಳೆದು, ಒರೆಸಿ, ತೂಗಿ. ಅಳತೆ ಜಾಡಿಯಲ್ಲಿ 120 ಮಿ.ಲೀ. ನೀರು ತೆಗೆದುಕೊಂಡು, ಜಾಡಿಯನ್ನು ಓರೆಯಾಗಿ ಹಿಡಿದು ಚೂರುಗಳನ್ನು ಒಂದೊಂದಾಗಿ ಜಾರಿಸಿ. ಮೇಲಿಂದ ಹಾಕಿದರೆ ಗಾಜಿನ ತಳ ಒಡೆಯುತ್ತದೆ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಜಾಡಿ ಅಲುಗಿಸಿ ಬಿಡಿಸಿ. ನೀರಿನ ಮೇಲ್ಮೈ ಅಂಚಿನಲ್ಲಿ ತುಸು ಏರಿರುತ್ತದೆಯಾದ್ದರಿಂದ ನಡುವಿನ ತಗ್ಗನ್ನೇ ಓದಬೇಕು.

ತೂಕ 162 ಗ್ರಾಂ, ನೀರು ಏರಿದ್ದು 180 ಮಿ.ಲೀ.ಗೆ ಎಂದಿಟ್ಟುಕೊಳ್ಳಿ. ಗಾತ್ರ 60 ಮಿ.ಲೀ.; ಸಾಂದ್ರತೆ 162 ಭಾಗಿಸು 60, ಅಂದರೆ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ. ಆದರೆ ಜಾಡಿಯನ್ನು ಎರಡು ಬಾರಿ ಓದಿದ್ದೇವೆ, ಪ್ರತಿ ಓದಿನಲ್ಲೂ 1 ಮಿ.ಲೀ. ಆಚೀಚೆ ಆಗಿರಬಹುದು. ಗಾತ್ರ 58 ಇದ್ದರೆ ಸಾಂದ್ರತೆ 2.79, 62 ಇದ್ದರೆ 2.61. ಆದ್ದರಿಂದ ಉತ್ತರವನ್ನು 2.7, ಹೆಚ್ಚು ಕಡಿಮೆ 0.1 ಎಂದು ಬರೆಯುವುದು ಪ್ರಾಮಾಣಿಕ ಕ್ರಮ.

ಈಗ ಇದನ್ನು ಇಡೀ ಭೂಮಿಯ ಸರಾಸರಿ ಸಾಂದ್ರತೆಯ ಪಕ್ಕದಲ್ಲಿಡಿ: 5.51. ನಮ್ಮ ಕಾಲ ಕೆಳಗಿನ ಕಲ್ಲು 2.7, ಒಟ್ಟು ಭೂಮಿ ಅದರ ಎರಡರಷ್ಟು. ಹಾಗಿದ್ದರೆ ಒಳಗೆಲ್ಲೋ ಕಲ್ಲಿಗಿಂತ ಬಹಳ ಭಾರವಾದ ವಸ್ತು ಇರಲೇಬೇಕು. ಕಬ್ಬಿಣವೇ ಪ್ರಧಾನವಾದ ಗರ್ಭವೊಂದು ಇರಬಹುದೆಂಬ ಊಹೆಗೆ ಮೊದಲ ಆಧಾರ ಇಂಥ ಲೆಕ್ಕವೇ. ಭೂಮಿಯ ಸಾಂದ್ರತೆಯನ್ನು ಪ್ರಯೋಗಶಾಲೆಯಲ್ಲಿ ಅಳೆದ ಹೆನ್ರಿ ಕ್ಯಾವೆಂಡಿಷ್ 1798ರಲ್ಲಿ ಪ್ರಕಟಿಸಿದ ಅಂಕಿ 5.48. ಅವರ ಪ್ರಯೋಗ ಬೆರಗು ಹುಟ್ಟಿಸುವಷ್ಟು ನಯವಾಗಿತ್ತು, ತಪ್ಪಿದ್ದು ಕೂಡಿ ಭಾಗಿಸುವಲ್ಲಿ! ಅವರದೇ ಅಂಕಿಗಳ ನಿಜವಾದ ಸರಾಸರಿ 5.448 ಎಂಬುದನ್ನು ಫ್ರಾನ್ಸಿಸ್ ಬೈಲಿ ಎಂಬ ಖಗೋಳ ವಿಜ್ಞಾನಿ ಆಮೇಲೆ ಕಂಡುಹಿಡಿದರು. ಲೆಕ್ಕವನ್ನು ಇನ್ನೊಬ್ಬರಿಂದ ಪರೀಕ್ಷಿಸಿಕೊಳ್ಳಿ ಎಂದಾಗ ಮುಖ ಸಿಂಡರಿಸುವ ವಿದ್ಯಾರ್ಥಿಗಳಿಗೆ ನಾನು ಈ ಪ್ರಸಂಗವನ್ನು ಹೇಳುತ್ತೇನೆ.

ಮೂರನೆಯ ಹಂತ: ಅಂಗಳದಲ್ಲಿ ಪ್ರಮಾಣಬದ್ಧ ಭೂಮಿ

ಪುಸ್ತಕದ ಚಿತ್ರಗಳಲ್ಲಿ ಭೂಕವಚವನ್ನು ಕಿತ್ತಳೆಯ ಸಿಪ್ಪೆಯಷ್ಟು ದಪ್ಪವಾಗಿ ಬರೆದಿರುತ್ತಾರೆ, ಇಲ್ಲವಾದರೆ ಅದು ಕಾಣುವುದೇ ಇಲ್ಲ. ಆ ಭ್ರಮೆ ಕಳೆಯಲು ಅಂಗಳವೇ ಬೇಕು. 1 ಸೆಂ.ಮೀ.ಗೆ 20 ಕಿ.ಮೀ. ಎಂಬ ಪ್ರಮಾಣ ಇಟ್ಟುಕೊಂಡರೆ ಭೂಮಿಯ ತ್ರಿಜ್ಯ 318.5 ಸೆಂ.ಮೀ. ಆಗುತ್ತದೆ. ಏಳು ಮೀಟರ್ ಅಗಲದ ಸಮತಟ್ಟು ಜಾಗವಿದ್ದರೆ ವೃತ್ತ ಹಿಡಿಯುತ್ತದೆ.

ಮೊಳೆಯನ್ನು ನೆಲಕ್ಕೆ ನೇರವಾಗಿ ಹೊಡೆಯಿರಿ. ಹುರಿಯ ತುದಿಗೆ ಸಡಿಲವಾದ ಕುಣಿಕೆ ಮಾಡಿ ಮೊಳೆಗೆ ತೊಡಿಸಿ. ಕುಣಿಕೆ ಮೊಳೆಯ ಸುತ್ತ ಸಲೀಸಾಗಿ ತಿರುಗಬೇಕು. ಹುರಿಯನ್ನು ಬಿಗಿಯಾಗಿ ಎಳೆದು ಹಿಡಿದು 318.5 ಸೆಂ.ಮೀ.ನಲ್ಲಿ ಗಂಟು ಹಾಕಿ. ಐದು ಮಂದಿ ಬೇರೆಬೇರೆಯಾಗಿ ಅಳೆಯಲಿ. ಒಮ್ಮೆ ನಮ್ಮಲ್ಲಿ ಬಂದ ಅಂಕಿಗಳು 318.4, 318.9, 318.6, 318.2, 318.9. ಮೊತ್ತ 1593.0, ಸರಾಸರಿ 318.6, ಚದುರುವಿಕೆ ಎರಡೂ ಕಡೆಗೆ ಸುಮಾರು 0.4. ಅಂದರೆ ನಮ್ಮ ಭೂಮಿಯ ತ್ರಿಜ್ಯದಲ್ಲಿ ಎಂಟು ಕಿಲೋಮೀಟರಿನಷ್ಟು ಅನಿಶ್ಚಿತತೆ ಇದೆ. ಎವರೆಸ್ಟ್ ಶಿಖರದ ಎತ್ತರಕ್ಕೆ ಹತ್ತಿರವಾದಷ್ಟು!

ಸಡಿಲ ಕುಣಿಕೆಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ನಾನು ಮೂರು ಸೆಂಟಿಮೀಟರ್ ದಪ್ಪದ ಮರದ ಗೂಟಕ್ಕೆ ಹುರಿಯನ್ನು ಬಿಗಿದು ಕಟ್ಟಿಬಿಟ್ಟಿದ್ದೆ. ಸುಣ್ಣ ಸುರಿಯುತ್ತಾ ಒಂದು ಸುತ್ತು ಬಂದ ಹುಡುಗಿ ಆರಂಭದ ಗೆರೆಯಿಂದ ಅರ್ಧ ಗೇಣು ಒಳಗೆ ಬಂದು ನಿಂತಳು. ವೃತ್ತದ ಬಾಯಿ ಮುಚ್ಚಲಿಲ್ಲ, ಭೂಮಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿತ್ತು. ಹುರಿ ಗೂಟಕ್ಕೆ ಸುತ್ತಿಕೊಂಡು ಕಿರಿದಾಗಿತ್ತು ಎಂಬುದನ್ನು ಅರಿಯಲು ಹತ್ತು ನಿಮಿಷ ಬೇಕಾಯಿತು. ಒಂದು ಸುತ್ತಿಗೆ ಗೂಟದ ಪರಿಧಿಯಷ್ಟು, ಅಂದರೆ ಸುಮಾರು 9.4 ಸೆಂ.ಮೀ., ನಷ್ಟ. ನಮ್ಮ ಪ್ರಮಾಣದಲ್ಲಿ ಅದು 188 ಕಿ.ಮೀ. ಒಂದೇ ದಿಕ್ಕಿಗೆ ಎಳೆಯುವ ದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಆಮೇಲೂ ಸಿಕ್ಕಿಲ್ಲ.

ಹೊರವೃತ್ತ ಮುಗಿದ ಮೇಲೆ ಗರ್ಭದ ವೃತ್ತ. ಮ್ಯಾಂಟಲ್ ಸುಮಾರು 2,890 ಕಿ.ಮೀ. ಆಳಕ್ಕೆ ಮುಗಿಯುತ್ತದೆ, ಉಳಿದ ತ್ರಿಜ್ಯ ಸುಮಾರು 3,480 ಕಿ.ಮೀ., ಅಂಗಳದಲ್ಲಿ 174 ಸೆಂ.ಮೀ. ಒಳಗರ್ಭದ ತ್ರಿಜ್ಯ ಸುಮಾರು 1,220 ಕಿ.ಮೀ., ಅಂದರೆ 61 ಸೆಂ.ಮೀ. ಆದರೆ ಈ ಮೂರನೆಯ ವೃತ್ತವನ್ನು ಈಗಲೇ ಹಾಕಬೇಡಿ, ಅದನ್ನು ಕೊನೆಗೆ ಉಳಿಸಿಕೊಳ್ಳಿ.

ಭೂಕವಚಕ್ಕೆ ಬನ್ನಿ. ಖಂಡಗಳ ಕೆಳಗೆ ಅದರ ಸರಾಸರಿ ದಪ್ಪ ಸುಮಾರು 35 ಕಿ.ಮೀ., ಸಾಗರಗಳ ಕೆಳಗೆ ಸುಮಾರು 7, ಹಿಮಾಲಯ ಮತ್ತು ಟಿಬೆಟ್ ಕೆಳಗೆ 70ರ ಆಸುಪಾಸು. ಅಂಗಳದಲ್ಲಿ ಕ್ರಮವಾಗಿ 17.5 ಮಿ.ಮೀ., 3.5 ಮಿ.ಮೀ., 35 ಮಿ.ಮೀ. ಸುಣ್ಣದ ಗೆರೆಯ ಅಗಲವೇ ಮೂರು ನಾಲ್ಕು ಸೆಂಟಿಮೀಟರ್ ಇರುತ್ತದೆ. ಹಾಗಾಗಿ ನಾವು ಎಳೆದ ಗೆರೆಯೇ ಭೂಕವಚ; ಕೋಲಾದ ರಂಧ್ರ ಅದರೊಳಗೆ 6 ಮಿ.ಮೀ., ಕೋಲಾರದ ಗಣಿ 1.6 ಮಿ.ಮೀ. ವಿದ್ಯಾರ್ಥಿಗಳು ಬಗ್ಗಿ ಅಳತೆಪಟ್ಟಿ ಇಟ್ಟು ಆ 1.6 ಮಿಲಿಮೀಟರನ್ನು ತಾವೇ ನೋಡಲಿ.

ಅಲ್ಲೇ ನಿಂತು ಒಂದು ಲೆಕ್ಕವನ್ನೂ ಮಾಡಿಸಿ. ಗೋಳದ ಗಾತ್ರ ತ್ರಿಜ್ಯದ ಘನಕ್ಕೆ ತಕ್ಕಂತೆ ಹೆಚ್ಚುವುದರಿಂದ, 3,480ನ್ನು 6,371ರಿಂದ ಭಾಗಿಸಿ ಬಂದ 0.546ರ ಘನ ಸುಮಾರು 0.16. ಗರ್ಭವೆಲ್ಲ ಸೇರಿದರೂ ಭೂಮಿಯ ಗಾತ್ರದ ನೂರಕ್ಕೆ 16 ಮಾತ್ರ, ಒಳಗರ್ಭವಂತೂ ನೂರಕ್ಕೆ ಒಂದಕ್ಕಿಂತ ಕಡಿಮೆ. ನೆಲದ ಮೇಲಿನ ವೃತ್ತ ನೋಡಿದ ಕಣ್ಣು ಗರ್ಭವನ್ನು ಇದಕ್ಕಿಂತ ದೊಡ್ಡದೆಂದು ಅಂದಾಜು ಮಾಡಿರುತ್ತದೆ.

ನಾಲ್ಕನೆಯ ಹಂತ: ಎರಡು ಅಲೆಗಳ ಪರಿಚಯ

ಭೂಕಂಪದಲ್ಲಿ ಬಂಡೆ ಒಡೆದು ಸರಿಯುವ ಜಾಗ ನಾಭಿ. ಅದರ ನೇರ ಮೇಲೆ ನೆಲದ ಮೇಲಿರುವ ಬಿಂದು ಮೇಲ್ಕೇಂದ್ರ. ನಾಭಿಯಿಂದ ಹೊರಡುವ ಅಲೆಗಳಲ್ಲಿ ಮೊದಲು ತಲುಪುವುದು ಪ್ರಾಥಮಿಕ ಅಲೆ, ಅಂದರೆ ಪಿ ಅಲೆ. ಇದು ಸಾಗುವ ದಿಕ್ಕಿನಲ್ಲೇ ವಸ್ತುವನ್ನು ಒತ್ತಿ, ಹಿಗ್ಗಿಸಿ ಮುಂದುವರಿಯುತ್ತದೆ. ಘನ, ದ್ರವ ಎರಡರಲ್ಲೂ ಹಾಯುತ್ತದೆ. ಹಿಂದೆ ಬರುವುದು ದ್ವಿತೀಯಕ ಅಲೆ, ಅಂದರೆ ಎಸ್ ಅಲೆ. ಇದು ವಸ್ತುವನ್ನು ಅಡ್ಡಡ್ಡ ಅಲುಗಿಸುತ್ತದೆ, ದ್ರವದಲ್ಲಿ ಸಾಗಲಾರದು. ಇಬ್ಬರು ಸ್ಲಿಂಕಿ ಸ್ಪ್ರಿಂಗಿನ ಎರಡು ತುದಿ ಹಿಡಿದು, ಒಮ್ಮೆ ಮುಂದಕ್ಕೆ ತಳ್ಳಿ, ಒಮ್ಮೆ ಪಕ್ಕಕ್ಕೆ ಜಾಡಿಸಿದರೆ ಎರಡೂ ಕಾಣುತ್ತವೆ.

ಈ ಅಲೆಗಳನ್ನು ಉಪಕರಣದ ದಾಖಲೆಯಲ್ಲಿ ಬೇರೆಬೇರೆಯಾಗಿ ಗುರುತಿಸಿದವರು ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ. ಕೈಗೆತ್ತಿಕೊಂಡದ್ದು 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪದ ಅಧ್ಯಯನ. ಭೂಗರ್ಭ ವಿಜ್ಞಾನದ ಈ ಮುಖ್ಯ ಎಳೆ ನಮ್ಮ ದೇಶದ ನೆಲದಿಂದಲೇ ಹೊರಟದ್ದು ಎಂಬುದನ್ನು ತರಗತಿಯಲ್ಲಿ ತಪ್ಪದೆ ಹೇಳಬೇಕು.

ಐದನೆಯ ಹಂತ: ಅಂತರವನ್ನು ಸೆಕೆಂಡಿನಲ್ಲಿ ಓದುವುದು

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ ಹಾಕುವುದು ಹಳ್ಳಿಯ ಮಕ್ಕಳಿಗೂ ಗೊತ್ತು. ಇಲ್ಲಿ ಪಿ ಅಲೆ ಮಿಂಚಿನ ಜಾಗದಲ್ಲಿದೆ, ಎಸ್ ಅಲೆ ಗುಡುಗಿನ ಜಾಗದಲ್ಲಿ. ಒಂದೇ ವ್ಯತ್ಯಾಸವೆಂದರೆ ಬೆಳಕು ಆ ಕ್ಷಣಕ್ಕೇ ತಲುಪುತ್ತದೆ, ಪಿ ಅಲೆಗೆ ಮಾತ್ರ ತನ್ನದೇ ಹೊತ್ತು ಬೇಕು.

ಭೂಕವಚದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆಯದು ಸುಮಾರು 3.5 ಕಿ.ಮೀ. ಎಂದು ತೆಗೆದುಕೊಳ್ಳೋಣ. ಒಂದು ಕಿಲೋಮೀಟರ್ ದಾರಿಗೆ ಎಸ್ ಅಲೆ 1/3.5 ಸೆಕೆಂಡು, ಪಿ ಅಲೆ 1/6 ಸೆಕೆಂಡು ತೆಗೆದುಕೊಳ್ಳುತ್ತದೆ. ಎರಡರ ವ್ಯತ್ಯಾಸ 2.5/21 ಸೆಕೆಂಡು. ಅದನ್ನು ತಿರುವಿದರೆ ಒಂದು ಸೆಕೆಂಡಿನ ವ್ಯತ್ಯಾಸಕ್ಕೆ 8.4 ಕಿ.ಮೀ. ಅಂತರ. ವಿದ್ಯಾರ್ಥಿಗಳು ಈ ಗುಣಕವನ್ನು ಬಾಯಿಪಾಠ ಮಾಡುವ ಬದಲು ಹೀಗೆ ತಾವೇ ಪಡೆಯಲಿ. ಇನ್ನೊಂದು ಊರಿನ ಬಂಡೆಗೆ ವೇಗ ಬೇರೆಯಾದರೆ ಗುಣಕವೂ ಬೇರೆಯಾಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ಈಗ ಅಭ್ಯಾಸ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಸುಮಾರು 3 ಗಂಟೆ 56 ನಿಮಿಷಕ್ಕೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಬಳಿ ನೆಲ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಆ ರಾತ್ರಿ ಇನ್ನೂ ನೆನಪಿದೆ. ಈ ಪ್ರದೇಶವನ್ನೇ ಆಯ್ದುಕೊಂಡು, ಸೊಲ್ಲಾಪುರ, ಕಲಬುರಗಿ, ಬೀದರ್ ಮೂರರಲ್ಲೂ ಒಂದೊಂದು ಭೂಕಂಪ ಮಾಪಕ ಇದೆಯೆಂದು ಕಲ್ಪಿಸಿಕೊಳ್ಳೋಣ. ಕೆಳಗಿನ ಸೆಕೆಂಡುಗಳು ಅಂದಿನ ದಾಖಲೆಯವಲ್ಲ. ಅಭ್ಯಾಸಕ್ಕೆಂದು ನಾನೇ ನಕಾಶೆಯ ದೂರದಿಂದ ಹಿಂದಕ್ಕೆ ಲೆಕ್ಕ ಹಾಕಿ ಪಡೆದವು.

ಗ್ರಾಫ್ ಹಾಳೆಯ ಮೂರು ಪಟ್ಟಿ ಕತ್ತರಿಸಿ, 1 ಸೆಕೆಂಡಿಗೆ 5 ಮಿ.ಮೀ. ಎಂದಿಟ್ಟುಕೊಂಡು, ಪ್ರತಿ ಪಟ್ಟಿಯಲ್ಲೂ ಮೊದಲು ಸಣ್ಣ ಗಲಿಬಿಲಿಯ ಗೆರೆ, ಆಮೇಲೆ ಪಿ ಅಲೆಯ ಕಿರಿದಾದ ಕುಣಿತ, ಅದಾದ ಮೇಲೆ ಎಸ್ ಅಲೆಯ ದೊಡ್ಡ ಕುಣಿತವನ್ನು ಶಿಕ್ಷಕರು ಬರೆಯಬೇಕು. ಎರಡರ ಆರಂಭಗಳ ನಡುವಿನ ದೂರ ಸೊಲ್ಲಾಪುರದ ಪಟ್ಟಿಯಲ್ಲಿ 49 ಮಿ.ಮೀ., ಕಲಬುರಗಿಯದರಲ್ಲಿ 52, ಬೀದರಿನದರಲ್ಲಿ 62 ಇರಲಿ. ವಿದ್ಯಾರ್ಥಿಗಳಿಗೆ ಈ ಅಂಕಿ ಹೇಳಬೇಡಿ, ಪಟ್ಟಿ ಮಾತ್ರ ಕೊಡಿ. ಪಿ ಅಲೆಯ ಆರಂಭ ಶಾಂತ ಗೆರೆ ಮೊದಲು ಕದಲುವಲ್ಲಿ ಸ್ಪಷ್ಟವಾಗಿರುತ್ತದೆ. ಎಸ್ ಅಲೆಯದು ಪಿ ಅಲೆಯ ಬಾಲದೊಳಗೇ ಅಡಗಿರುವುದರಿಂದ, ಕುಣಿತ ಹಠಾತ್ತನೆ ಎತ್ತರವಾಗಿ ಗೆರೆಯ ಅಂತರ ಅಗಲವಾಗುವ ಜಾಗವನ್ನು ಹುಡುಕಬೇಕು. ಮೂವರು ಒಬ್ಬರ ಉತ್ತರ ಇನ್ನೊಬ್ಬರು ನೋಡದೆ ಓದಿ, ಆಮೇಲೆ ಹೋಲಿಸಿಕೊಳ್ಳಲಿ.

ಸೊಲ್ಲಾಪುರದ 49 ಮಿ.ಮೀ. ಅಂದರೆ 9.8 ಸೆಕೆಂಡು, ಅಂತರ 82 ಕಿ.ಮೀ. ಕಲಬುರಗಿಯದು 10.4 ಸೆಕೆಂಡು, 87 ಕಿ.ಮೀ. ಬೀದರಿನದು 12.4 ಸೆಕೆಂಡು, 104 ಕಿ.ಮೀ. ಓದಿನಲ್ಲಿ 1 ಮಿ.ಮೀ. ತಪ್ಪಿದರೆ 0.2 ಸೆಕೆಂಡು, ಅಂದರೆ 1.7 ಕಿ.ಮೀ. ಆದ್ದರಿಂದ 82.32 ಎಂದು ಬರೆಯಬೇಡಿ. 82, ಹೆಚ್ಚು ಕಡಿಮೆ 2 ಎಂದು ಬರೆಯಿರಿ.

ಈ ಗುಣಕಕ್ಕೆ ಒಂದು ಮಿತಿ ಇದೆ. ಸುಮಾರು 150ರಿಂದ 200 ಕಿ.ಮೀ. ಆಚೆ ಇದು ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ ಅಲ್ಲಿಗೆ ಮೊದಲು ತಲುಪುವ ಪಿ ಅಲೆ ಭೂಕವಚದ ಮೂಲಕ ಬಂದದ್ದಾಗಿರುವುದಿಲ್ಲ. ಅದು ಕೆಳಗಿಳಿದು, ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗ ಸಿಗುವ ಮ್ಯಾಂಟಲಿನ ನೆತ್ತಿಯ ಉದ್ದಕ್ಕೂ ಓಡಿ, ಮತ್ತೆ ಮೇಲೆ ಬಂದಿರುತ್ತದೆ. ಊರೊಳಗಿನ ರಸ್ತೆಗಿಂತ ಬೈಪಾಸ್ ಉದ್ದವಾದರೂ ದೂರದ ಊರಿಗೆ ಹೋಗುವ ಬಸ್ಸು ಬೈಪಾಸಿನಲ್ಲೇ ಬೇಗ ತಲುಪುವಂತೆ. 1909ರ ಅಕ್ಟೋಬರ್ 8ರಂದು ಕ್ರೊಯೇಷ್ಯಾದ ಜಾಗ್ರೆಬ್ ನಗರದ ದಕ್ಷಿಣಕ್ಕೆ, ಕುಪಾ ಕಣಿವೆಯಲ್ಲಿ ಆದ ಭೂಕಂಪದ ದಾಖಲೆಗಳಲ್ಲಿ ಭೂಕಂಪ ವಿಜ್ಞಾನಿ ಆಂಡ್ರಿಯಾ ಮೊಹೊರೊವಿಚಿಚ್ ಒಂದರ ಬದಲು ಎರಡೆರಡು ಪಿ ಅಲೆಗಳನ್ನು ಕಂಡದ್ದು ಇದೇ ಕಾರಣಕ್ಕೆ. ಭೂಕವಚದ ತಳದ ಗಡಿಗೆ ಮೊಹೊ ಎಂಬ ಹೆಸರು ಅವರಿಂದ ಬಂತು. ಸರಳ ಸೂತ್ರ ಎಲ್ಲಿ ಕೈಕೊಟ್ಟಿತೋ ಅಲ್ಲೇ ಒಂದು ಪದರ ಪತ್ತೆಯಾಯಿತು.

ಆರನೆಯ ಹಂತ: ಮೂರು ವೃತ್ತಗಳು

ನಕಾಶೆಯ ಪ್ರಮಾಣ 1 ಸೆಂ.ಮೀ.ಗೆ 10 ಕಿ.ಮೀ. ಇದ್ದರೆ ಕೈವಾರದ ತ್ರಿಜ್ಯಗಳು 8.2, 8.7, 10.4 ಸೆಂ.ಮೀ. ಆದರೆ ನಕಾಶೆಯ ಮೂಲೆಯಲ್ಲಿ ಅಚ್ಚಾಗಿರುವ ಅಂಕಿಯನ್ನು ನಂಬಬೇಡಿ. ಜೆರಾಕ್ಸ್ ಮಾಡಿಸಿದಾಗ, ಮೊಬೈಲಿನಿಂದ ಪ್ರಿಂಟ್ ತೆಗೆದಾಗ ಹಾಳೆ ಹಿಗ್ಗಿರುತ್ತದೆ ಇಲ್ಲವೇ ಕುಗ್ಗಿರುತ್ತದೆ. ನಕಾಶೆಯ ಜೊತೆಗೇ ಹಿಗ್ಗಿ ಕುಗ್ಗುವ ಅಳತೆಗೆರೆಯ ಮೇಲೆ ಕೈವಾರವನ್ನಿಟ್ಟು ತೆರೆಯಿರಿ.

ಸೊಲ್ಲಾಪುರವನ್ನು ಕೇಂದ್ರವಾಗಿಟ್ಟು ಮೊದಲ ವೃತ್ತ ಎಳೆಯಿರಿ. ಭೂಕಂಪ ಈ ವೃತ್ತದ ಮೇಲೆ ಎಲ್ಲಾದರೂ ಆಗಿರಬಹುದು. ಕಲಬುರಗಿಯಿಂದ ಎರಡನೆಯದನ್ನು ಎಳೆದರೆ ಎರಡೂ ಎರಡು ಕಡೆ ಕೂಡುತ್ತವೆ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಯಾವುದು ನಿಜ ಎಂದು ಬೀದರಿನ ಮೂರನೆಯ ವೃತ್ತ ತೀರ್ಮಾನಿಸುತ್ತದೆ: ಅದು ಉತ್ತರದ ಕೂಡುಬಿಂದುವಿನ ಬಳಿ, ಕಿಲ್ಲಾರಿಯ ಆಸುಪಾಸಿನಲ್ಲಿ ಹಾಯುತ್ತದೆ.

ಮೂರೂ ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡಲಾರವು. ನಡುವೆ ಸಣ್ಣ ತ್ರಿಕೋನ ಉಳಿಯುತ್ತದೆ. ಇದನ್ನು ಮುಚ್ಚಿಹಾಕಲು ವಿದ್ಯಾರ್ಥಿಗಳು ಕೈವಾರವನ್ನು ಮೆಲ್ಲನೆ ಅಗಲಿಸುತ್ತಾರೆ. ತಡೆಯಿರಿ. ಆ ತ್ರಿಕೋನವೇ ಅಳತೆಯ ಅನಿಶ್ಚಿತತೆಯ ಚಿತ್ರ. ಅದರ ನಡುವಿನ ಬಿಂದುವನ್ನು ಮೇಲ್ಕೇಂದ್ರವೆಂದು ಗುರುತಿಸಿ, ತ್ರಿಕೋನದ ಅಗಲವನ್ನು ಪಕ್ಕದಲ್ಲಿ ಬರೆಯಬೇಕು. ಅದರ ಆಕಾರವೂ ಮಾತಾಡುತ್ತದೆ. ಎರಡು ವೃತ್ತಗಳು ಕಿಲ್ಲಾರಿಯ ಬಳಿ ಕೂಡಿ ಮೂರನೆಯದು ದೂರ ಹೋಗಿದ್ದರೆ ಆ ಒಂದು ಊರಿನ ಓದು ತಪ್ಪಿದೆ. ಮೂರೂ ಒಂದೇ ಸಮನೆ ಗಿಡ್ಡವಾಗಿ ನಡುವೆ ಬಯಲು ಬಿಟ್ಟಿದ್ದರೆ ಓದು ಸರಿಯಿದ್ದು ಗುಣಕ ತಪ್ಪಿದೆ, 8.4ರ ಬದಲು 8.8 ಇಟ್ಟು ಒಮ್ಮೆ ಎಳೆದು ನೋಡಿ.

ನಾವು ಪಡೆದ ಅಂತರ ನಾಭಿಗೆ, ಮೇಲ್ಕೇಂದ್ರಕ್ಕಲ್ಲ ಎಂಬ ಆಕ್ಷೇಪ ಬಂದರೆ ಆ ವಿದ್ಯಾರ್ಥಿಯನ್ನು ಮೆಚ್ಚಬೇಕು. ನಾಭಿ 10 ಕಿ.ಮೀ. ಆಳದಲ್ಲಿದ್ದರೆ, ಪೈಥಾಗೊರಸ್ ಪ್ರಮೇಯದಿಂದ 82 ಕಿ.ಮೀ. ನೆಲದ ಮೇಲೆ 81.4 ಆಗುತ್ತದೆ, ನಮ್ಮ ದೋಷದೊಳಗೇ ಅಡಗುತ್ತದೆ. ಅದೇ ಅಂತರ 15 ಕಿ.ಮೀ. ಆಗಿದ್ದರೆ ನೆಲದ ದೂರ 11.2; ಆಗ ಆಳವನ್ನು ಬಿಡುವಂತಿಲ್ಲ.

ಒಂದೇ ನೆಲೆಯಿಂದ ಅಲೆ ಬಂದ ದಿಕ್ಕನ್ನು ಹಿಡಿಯುವ ದಾರಿಯೂ ಇದೆ. ಗೌರಿಬಿದನೂರಿನ ಬಳಿ 1965ರಿಂದ ಇರುವ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳು ಚಾಚಿಕೊಂಡಿದೆ. ದೂರದ ಅಲೆ ತೋಳುಗಳ ಬೇರೆಬೇರೆ ಉಪಕರಣಗಳನ್ನು ಕ್ಷಣಾಂಶಗಳ ಅಂತರದಲ್ಲಿ ಮುಟ್ಟುವುದರಿಂದ, ಯಾವುದನ್ನು ಮೊದಲು ಮುಟ್ಟಿತು ಎಂಬುದರಲ್ಲೇ ದಿಕ್ಕು ಇರುತ್ತದೆ.

ಏಳನೆಯ ಹಂತ: ಗಡಿಯಾರದ ಪರೀಕ್ಷೆ

ಭೂಕಂಪ ಆರಂಭವಾದ ಹೊತ್ತನ್ನೂ ಇದೇ ಅಂಕಿಗಳಿಂದ ಪಡೆಯಬಹುದು. ಸೊಲ್ಲಾಪುರಕ್ಕೆ ಪಿ ಅಲೆ 10 ಗಂಟೆ 15 ನಿಮಿಷ 40.0 ಸೆಕೆಂಡಿಗೆ ಬಂತೆನ್ನಿ. 82 ಕಿ.ಮೀ. ದಾರಿಗೆ 13.7 ಸೆಕೆಂಡು ಬೇಕಾದ್ದರಿಂದ ಹೊರಟದ್ದು 26.3 ಸೆಕೆಂಡಿಗೆ. ಕಲಬುರಗಿಗೆ 40.9ಕ್ಕೆ, ಬೀದರಿಗೆ 43.7ಕ್ಕೆ ತಲುಪಿದ್ದರೆ ಅಲ್ಲಿಂದಲೂ ಇದೇ ಉತ್ತರ ಬರಬೇಕು. ಒಂದು ಊರಿನ ಉತ್ತರ ಮಾತ್ರ ಎರಡು ಸೆಕೆಂಡು ಬೇರೆಯಾಗಿ, ಆದರೂ ಅದರ ವೃತ್ತ ಸರಿಯಾಗಿ ಕೂಡಿದ್ದರೆ, ಆ ಊರಿನ ಗಡಿಯಾರ ತಪ್ಪಾಗಿದೆ ಎಂದರ್ಥ. ಅಂತರಕ್ಕೆ ಬಳಸಿದ್ದು ಎರಡು ಹೊತ್ತುಗಳ ವ್ಯತ್ಯಾಸವನ್ನು ಮಾತ್ರವಾದ್ದರಿಂದ ಮುಂದಿರುವ ಗಡಿಯಾರವೂ ಅಂತರವನ್ನು ಕೆಡಿಸಲಾರದು. ವ್ಯತ್ಯಾಸವನ್ನು ಅಳೆಯುವ ಉಪಾಯದ ಹೆಚ್ಚುಗಾರಿಕೆ ಇದು.

ತೀವ್ರತೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗೋಣ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ರೂಪಿಸಿದ ಮಾಪನದಲ್ಲಿ ಒಂದು ಅಂಕ ಏರಿದರೆ ದಾಖಲೆಯ ಕುಣಿತ ಹತ್ತು ಪಟ್ಟು. ಹೊಮ್ಮುವ ಶಕ್ತಿ ಸುಮಾರು 32 ಪಟ್ಟು, ಎರಡು ಅಂಕ ಏರಿದರೆ ಸಾವಿರ ಪಟ್ಟು. ಈ ಅಂಕ ಭೂಕಂಪದ್ದು, ಊರಿಂದ ಊರಿಗೆ ಬದಲಾಗುವುದಿಲ್ಲ. ಬದಲಾಗುವುದು ಕಂಪನದ ಅನುಭವ ಮತ್ತು ಹಾನಿ. ಕಿಲ್ಲಾರಿಯಲ್ಲಿ ಸಾವು ಇಷ್ಟು ಹೆಚ್ಚಲು ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ನಾಭಿ ಹೆಚ್ಚು ಆಳದಲ್ಲಿರದಿದ್ದದ್ದು, ಜನ ನಿದ್ದೆಯಲ್ಲಿದ್ದದ್ದು ಕಾರಣ. ಅದರ ತೀವ್ರತೆ ಒಂದು ಕಡೆ 6.2, ಇನ್ನೊಂದು ಕಡೆ 6.4 ಎಂದಿರುವುದನ್ನು ಕಂಡು ಯಾರೋ ಸುಳ್ಳು ಹೇಳಿದ್ದಾರೆಂದು ಭಾವಿಸಬೇಕಿಲ್ಲ. ಬೇರೆಬೇರೆ ಅಲೆಗಳಿಂದ, ಬೇರೆಬೇರೆ ಮಾಪನಗಳಿಂದ ಪಡೆದ ಅಂಕಿಗಳು ಅವು.

ಎಂಟನೆಯ ಹಂತ: ಮತ್ತೆ ಅಂಗಳಕ್ಕೆ, ನೆರಳನ್ನು ಅಳೆಯಲು

ಈಗ ಅಂಗಳದ ವೃತ್ತಕ್ಕೆ ಮರಳಿ. ಹೊರವೃತ್ತದ ಮೇಲೆ ಒಂದು ಕಲ್ಲಿಟ್ಟು ಅದೇ ಭೂಕಂಪವೆನ್ನಿ. ಅಲ್ಲಿಂದ ಹುರಿಯನ್ನು ನೇರವಾಗಿ, ಗರ್ಭದ ವೃತ್ತವನ್ನು ಬರೀ ಸವರಿಕೊಂಡು ಹೋಗುವಂತೆ ಎಳೆದು, ಅದು ಆಚೆ ಬದಿಯ ಹೊರವೃತ್ತವನ್ನು ಮುಟ್ಟುವಲ್ಲಿ ಗುರುತು ಹಾಕಿ. ಹುರಿ ಸುಮಾರು 5.3 ಮೀಟರ್ ಬೇಕಾಗುತ್ತದೆ. ಬಳಿಕ ಕಲ್ಲಿನಿಂದ ಆ ಗುರುತಿನವರೆಗೆ ಹೊರವೃತ್ತದ ಬಾಗಿನ ಮೇಲೆಯೇ ಹುರಿ ಹಾಸಿ ಅಳೆಯಿರಿ. ಈ ವೃತ್ತದಲ್ಲಿ ಒಂದು ಡಿಗ್ರಿಗೆ 5.56 ಸೆಂ.ಮೀ. ಅಳತೆ ಸರಿಯಾಗಿದ್ದರೆ ಸುಮಾರು 6.33 ಮೀಟರ್, ಅಂದರೆ 114 ಡಿಗ್ರಿ ಬರುತ್ತದೆ. ಅಲೆಗಳು ನೇರ ಗೆರೆಯಲ್ಲಿ ಹೋಗುವುದಾದರೆ ಗರ್ಭದ ನೆರಳು, ಅಂದರೆ ಗರ್ಭ ಅಡ್ಡ ಬಂದು ಅಲೆ ನೇರವಾಗಿ ತಲುಪದ ಜಾಗ, ಅಲ್ಲಿಂದ ಆರಂಭವಾಗಬೇಕು.

ನಿಜವಾದ ಭೂಮಿಯಲ್ಲಿ ಆ ನೆರಳು ಆರಂಭವಾಗುವುದು ಸುಮಾರು 103 ಡಿಗ್ರಿಯಲ್ಲಿ. ಅದನ್ನೂ ಗುರುತಿಸಿ: 5.73 ಮೀಟರ್. ಎರಡು ಗುರುತುಗಳ ನಡುವೆ ಅರವತ್ತು ಸೆಂಟಿಮೀಟರ್ ಅಂತರ. ಇದು ಹುರಿಯ ತಪ್ಪಲ್ಲ, ಐದು ಸಲ ಅಳೆದರೂ ಹೋಗುವುದಿಲ್ಲ. ಕಾರಣವನ್ನು ವಿದ್ಯಾರ್ಥಿಗಳೇ ಹುಡುಕಲಿ; ನನ್ನ ಅನುಭವದಲ್ಲಿ ಅರ್ಧ ಗಂಟೆ ಬಿಟ್ಟರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮ್ಯಾಂಟಲಿನಲ್ಲಿ ಆಳಕ್ಕೆ ಹೋದಂತೆ ಅಲೆಯ ವೇಗ ಹೆಚ್ಚುತ್ತದೆ. ಹಾಗಾಗಿ ಅಲೆಯ ದಾರಿ ನೇರವಿರದೆ ತೊಟ್ಟಿಲಿನ ತಳದಂತೆ ಬಾಗಿ ಮೇಲೇಳುತ್ತದೆ. ಗರ್ಭವನ್ನು ಸವರುವ ಅಲೆ ಹೆಚ್ಚು ಕಡಿದಾಗಿ ಇಳಿದು, ಹೆಚ್ಚು ಕಡಿದಾಗಿ ಏರಿ, ನೇರ ಗೆರೆಗಿಂತ ಮೊದಲೇ ಹೊರಬರುತ್ತದೆ. ಹುರಿಯನ್ನು ಒಳಗೆ ಬಾಗಿಸಿ ಹಾಸಿ, ಎರಡನೆಯ ಗುರುತಿಗೆ ಕೂಡಿಸಿ ನೋಡಿ.

ಸುಮಾರು 103 ಡಿಗ್ರಿಯಿಂದಾಚೆ ನೇರವಾದ ಎಸ್ ಅಲೆ ಬರುವುದೇ ಇಲ್ಲ: ಹೊರಗರ್ಭ ದ್ರವ. ಪಿ ಅಲೆ ಮಾತ್ರ ಗರ್ಭದ ಅಂಚಿನಲ್ಲಿ ಒಳಕ್ಕೆ ಮುರಿದು, ಸುಮಾರು 142 ಡಿಗ್ರಿಯ ಆಚೆ, ಅಂದರೆ ಅಂಗಳದಲ್ಲಿ 7.89 ಮೀಟರ್ ದಾಟಿದ ಮೇಲೆ, ಮತ್ತೆ ಬಲವಾಗಿ ಕಾಣಿಸುತ್ತದೆ. ಗರ್ಭವಿದೆ ಎಂಬ ಸಾಕ್ಷ್ಯವನ್ನು 1906ರಲ್ಲಿ ಮುಂದಿಟ್ಟವರು ಅದೇ ಓಲ್ಡ್‌ಹ್ಯಾಮ್. ಕೆಲವೇ ವರ್ಷಗಳಲ್ಲಿ ಬೆನೊ ಗುಟೆನ್‌ಬರ್ಗ್ ಅದರ ಆಳವನ್ನು ಸುಮಾರು 2,900 ಕಿ.ಮೀ. ಎಂದು ಲೆಕ್ಕ ಹಾಕಿದರು.

ನಡುವಿನ ನೆರಳಿನಲ್ಲಿ ಪಿ ಅಲೆ ಇರಬಾರದು. ಆದರೆ 1929ರಲ್ಲಿ ನ್ಯೂಜಿಲೆಂಡಿನಲ್ಲಾದ ಭೂಕಂಪದ ಕ್ಷೀಣವಾದ ಪಿ ಅಲೆಗಳು ಆ ನೆರಳಿನೊಳಗಿನ ಉಪಕರಣಗಳಲ್ಲೂ ದಾಖಲಾಗಿದ್ದವು. ಡೆನ್ಮಾರ್ಕಿನ ಇಂಗೆ ಲೇಮಾನ್ ಅವನ್ನು ದೋಷವೆಂದು ತಳ್ಳಿಹಾಕಲಿಲ್ಲ. ಭೂಕಂಪಗಳ ವಿವರ, ಅಲೆ ತಲುಪಿದ ಹೊತ್ತು ಎಲ್ಲವನ್ನೂ ರಟ್ಟಿನ ಕಾರ್ಡುಗಳ ಮೇಲೆ ಬರೆದು, ಓಟ್‌ಮೀಲ್ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡು ಅವರು ಲೆಕ್ಕ ಮಾಡುತ್ತಿದ್ದರು. ಗರ್ಭದೊಳಗೆ ಇನ್ನೊಂದು ಗೋಳವಿದ್ದು, ಅಲೆಗಳು ಅದಕ್ಕೆ ತಾಗಿ ನೆರಳಿನೊಳಗೆ ಚದುರುತ್ತಿವೆ ಎಂದು 1936ರಲ್ಲಿ ಪ್ರಕಟಿಸಿದರು.

ಈಗ ಹುರಿಯ ಕುಣಿಕೆಯನ್ನು ಮತ್ತೆ ಮೊಳೆಗೆ ತೊಡಿಸಿ, 61 ಸೆಂ.ಮೀ.ನಲ್ಲಿ ಗಂಟು ಹಾಕಿ, ಉಳಿಸಿಟ್ಟಿದ್ದ ಮೂರನೆಯ ವೃತ್ತವನ್ನು ಎಳೆಯಿರಿ.